ಶವರ್ ಮೂಲೆ ಮಾತ್ರ ಹೊಸದು, ಉಳಿದ ಗೋಡೆ ಹಾಗೇ ಇರಲಿ: ಹಳೇ ಬಾತ್‌ರೂಮ್ ಕೆಲಸ ಮಾಡಿಸುವ ಬಗೆ

ದಾವಣಗೆರೆಯ ಹಳೇ ಬಡಾವಣೆಗಳಲ್ಲಿ, ಅದು ಪಿ.ಜೆ. ಬಡಾವಣೆ ಇರಲಿ, ವಿನೋಬನಗರ ಇರಲಿ, 25-30 ವರ್ಷದ ಹಿಂದೆ ಕಟ್ಟಿದ ಮನೆಗಳ ಬಾತ್‌ರೂಮು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ನಾಲ್ಕೂ ಗೋಡೆಗೆ ಬಿಳಿ ಟೈಲ್ಸ್. ಅದರಲ್ಲಿ ಮೂರು ಗೋಡೆ ಇವತ್ತಿಗೂ ಗಟ್ಟಿ. ಶವರ್ ಇರುವ ಮೂಲೆ ಮಾತ್ರ ಹಾಳಾಗಿರುತ್ತದೆ. ಸಂದಿಯ ವೈಟ್ ಸಿಮೆಂಟ್ ಉದುರಿದೆ, ಬೋರ್ ನೀರಿನ ಉಪ್ಪು ಪದರ ಪದರವಾಗಿ ಕಟ್ಟಿದೆ, ಒಂದೆರಡು ಟೈಲ್ಸ್ ಉಬ್ಬಿ ನಿಂತಿದೆ, ಆಚೆ ಕಡೆಯ ಕೋಣೆಯಲ್ಲಿ ಬಣ್ಣ ಸುಲಿಯುತ್ತಿದೆ.

ಮೇಸ್ತ್ರಿಯನ್ನು ಕರೆದರೆ ಮೊದಲ ಮಾತು, "ಸಾರ್, ಪೂರ್ತಿ ಒಡೆದು ಹೊಸದು ಮಾಡಿಬಿಡೋಣ." ಅವರಿಗೆ ಅದು ಸಲೀಸು. ಎಲ್ಲವನ್ನೂ ಒಡೆಯುವಾಗ ಯಾವುದನ್ನೂ ಕಾಪಾಡಬೇಕಿಲ್ಲ. ಆದರೆ ಹಳೇ ಮನೆಗಳ ಬಾತ್‌ರೂಮಿನ ಒಳಗೋಡೆ ಎಷ್ಟೋ ಕಡೆ ನಾಲ್ಕೂವರೆ ಇಂಚಿನದು. ಅದರ ಮೇಲೆ ಸುಮ್ನೆ ಗೋಡೆ ಒಡೆಯುವ ಬ್ರೇಕರ್ ಮಷೀನ್ ಆಡಿಸಿದರೆ ಆಚೆ ಕಡೆಯ ಪ್ಲಾಸ್ಟರ್ ಬಿರುಕು ಬಿಡುತ್ತದೆ. ಬಾತ್‌ರೂಮ್ ಕೆಲಸ ಅಂತ ಶುರುವಾಗಿದ್ದು ಬೆಡ್‌ರೂಮಿನ ಪೇಂಟಿಂಗ್‌ವರೆಗೂ ಹೋಗುತ್ತದೆ. ಚೆನ್ನಾಗಿರುವ ಗೋಡೆಯನ್ನು ಉಳಿಸಿಕೊಳ್ಳಬಹುದು, ಉಳಿಸಿಕೊಳ್ಳಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ಬೇಕಾದದ್ದು ತಾಳ್ಮೆ, ಮತ್ತೆ ಒಂದು ಗೆರೆ. ಹಳೇ ಟೈಲ್ಸ್ ಮುಗಿದು ಹೊಸದು ಶುರುವಾಗುವ ಗೆರೆ. ಅದನ್ನು ಎಲ್ಲಿ ಹಾಕುತ್ತೀರಿ, ಹೇಗೆ ಕತ್ತರಿಸುತ್ತೀರಿ, ಕೊನೆಗೆ ಹೇಗೆ ಮುಚ್ಚುತ್ತೀರಿ ಅನ್ನುವುದರ ಮೇಲೆ ಈ ಕೆಲಸ ನಿಂತಿದೆ.

ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಿ

ಟೈಲ್ಸ್ ಹಳೆಯದಾಯ್ತು ಅಂತ ಬದಲಾಯಿಸುವುದು ಬೇರೆ, ಸೋರುತ್ತಿದೆ ಅಂತ ಬದಲಾಯಿಸುವುದು ಬೇರೆ. ಸೋರುತ್ತಿದ್ದರೆ ಕಾರಣ ಗೊತ್ತಾಗದೆ ಸುತ್ತಿಗೆ ಎತ್ತಬೇಡಿ.

ರಾತ್ರಿ ಮಲಗುವ ಮೊದಲು ಮನೆಯ ಎಲ್ಲ ನಲ್ಲಿ ಬಂದ್ ಮಾಡಿ. ಓವರ್‌ಹೆಡ್ ಟ್ಯಾಂಕಿನಲ್ಲಿ ನೀರಿನ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಪೈಪು ಇಲ್ಲವೇ ಯಾವುದೋ ಟ್ಯಾಪ್ ಸೋರುತ್ತಿದೆ. ಮಟ್ಟ ಹಾಗೇ ಇದ್ದರೆ ಮುಂದಿನ ಪರೀಕ್ಷೆ: ನಾಲ್ಕೈದು ದಿನ ಆ ಶವರಿನಲ್ಲಿ ಯಾರೂ ಸ್ನಾನ ಮಾಡಬೇಡಿ. ಆಚೆ ಗೋಡೆಯ ತೇವ ಆರುತ್ತಾ ಬಂದರೆ ತಪ್ಪು ಟೈಲ್ಸ್ ಸಂದಿಯದ್ದು ಅಥವಾ ನೆಲದ ನಹಾನಿ ಟ್ರ್ಯಾಪಿನದ್ದು. ನಹಾನಿ ಟ್ರ್ಯಾಪ್ ಅಂದರೆ ಜಾಲರಿ ಕೆಳಗೆ ಕೂತು ನೀರನ್ನು ಹೊರಗೆ ಕಳಿಸುವ ಬಟ್ಟಲು. ಹಳೇ ಮನೆಗಳಲ್ಲಿ ಅದರ ಸುತ್ತಲಿನ ಜೋಡಣೆಯೇ ಮೊದಲು ಬಿಡುವುದು.

ಆಮೇಲೆ ಉಳಿಸಿಕೊಳ್ಳಬೇಕು ಅಂದುಕೊಂಡ ಗೋಡೆಗಳ ಪ್ರತಿ ಟೈಲ್ಸನ್ನೂ ಒಂದು ನಾಣ್ಯದಿಂದ ತಟ್ಟಿ. ಗಟ್ಟಿಯಾಗಿ ಕೂತ ಟೈಲ್ಸ್ ಟಕ್ ಟಕ್ ಅನ್ನುತ್ತದೆ. ಹಿಂದೆ ಸಿಮೆಂಟ್ ಬಿಟ್ಟಿದ್ದರೆ ಪೊಳ್ಳು ಸದ್ದು, ಡಬ್ ಡಬ್ ಅಂತ. ಪೊಳ್ಳು ಇರುವುದಕ್ಕೆಲ್ಲ ಪೆನ್ಸಿಲ್‌ನಲ್ಲಿ ಅಡ್ಡ ಗೀಟು ಹಾಕಿ. ಅಲ್ಲೊಂದು ಇಲ್ಲೊಂದು ಇದ್ದರೆ ಪರವಾಗಿಲ್ಲ, ಅವನ್ನಷ್ಟೇ ತೆಗೆದು ಮತ್ತೆ ಕೂರಿಸಬಹುದು. ಗೋಡೆಯ ಅರ್ಧಕ್ಕಿಂತ ಜಾಸ್ತಿ ಗೀಟು ಬಿದ್ದರೆ ಆ ಗೋಡೆ ಉಳಿಸುವ ಯೋಚನೆ ಬಿಡಿ, ಮೇಸ್ತ್ರಿ ಹೇಳಿದ್ದೇ ಸರಿ. ಇನ್ನೊಂದು ಸಂದರ್ಭವೂ ಇದೆ. ಬಾತ್‌ರೂಮ್ ಮಹಡಿಯ ಮೇಲಿದ್ದು, ಸ್ಲ್ಯಾಬ್ ತಗ್ಗಿಸಿ ಇಟ್ಟಿಗೆ ಚೂರು ತುಂಬಿದ್ದರೆ, ಆ ತುಂಬುವಿಕೆಯೇ ನೀರು ಕುಡಿದು ಕೂತಿರಬಹುದು. ಕೆಳಗಿನ ಮನೆಯ ಛಾವಣಿ ಉದ್ದಕ್ಕೂ ಒದ್ದೆಯಾಗಿದ್ದರೆ ಬರೀ ಮೂಲೆ ರಿಪೇರಿಯಿಂದ ಪ್ರಯೋಜನ ಇಲ್ಲ.

ಗೆರೆ ಎಲ್ಲಿ ಹಾಕಬೇಕು

ಶವರ್ ಕೆಳಗೆ ನಿಂತು ನೀರು ಬಿಡಿ. ಎಲ್ಲಿಯವರೆಗೆ ಸಿಡಿಯುತ್ತದೆ ನೋಡಿ. ಗೆರೆ ಅದರಾಚೆ ಇರಬೇಕು. ಸಾಮಾನ್ಯವಾಗಿ ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಸಾಕಾಗುತ್ತದೆ. ಗೆರೆ ಯಾವತ್ತೂ ಟೈಲ್ಸಿನ ಸಂದಿಯಲ್ಲೇ ಹೋಗಬೇಕು, ಟೈಲ್ಸಿನ ಮಧ್ಯದಲ್ಲಿ ಬೇಡ. ಮಧ್ಯದಲ್ಲಿ ಕತ್ತರಿಸಿದರೆ ಉಳಿದ ಅರ್ಧ ತುಂಡು ಕೈಗೆ ಬರುತ್ತದೆ, ಅಂಚು ಹಲ್ಲು ಹಲ್ಲಾಗುತ್ತದೆ.

ಎತ್ತರ 7 ಅಡಿ. ಹಳೇ ಬಾತ್‌ರೂಮುಗಳಲ್ಲಿ ಟೈಲ್ಸ್ 4 ಅಡಿಗೇ ನಿಂತಿರುತ್ತದೆ, ಅದರ ಮೇಲೆ ಬರೀ ಪ್ಲಾಸ್ಟರ್, ಪೇಂಟು. ಶವರ್ ಹೆಡ್ ಇರುವುದು ಆರೂವರೆ ಅಡಿಯಲ್ಲಿ. ಸುಣ್ಣಬಣ್ಣದ ಗೋಡೆಯ ಮೇಲೆ ದಿನಾ ನೀರು ಬಿದ್ದರೆ ಅದು ಟೈಲ್ಸಿನ ಹಿಂದೆ ಇಳಿಯದೆ ಇರುತ್ತದಾ? ಎಷ್ಟೋ ಮನೆಗಳಲ್ಲಿ ಮೂಲೆ ಹಾಳಾಗುವುದಕ್ಕೆ ಇದೇ ಕಾರಣ.

ಟೈಲ್ಸ್ ಲೆಕ್ಕ ಸುಲಭ. 3 ಮತ್ತು 4 ಅಡಿಯ ಎರಡು ಗೋಡೆ, 7 ಅಡಿ ಎತ್ತರ ಅಂದರೆ 49 ಚದರಡಿ. ನೆಲ 12 ಚದರಡಿ. ಒಟ್ಟು 61. ಕಟಿಂಗ್, ಒಡಕು ಅಂತ ಶೇ. 10 ಸೇರಿಸಿ 68 ಚದರಡಿ ತನ್ನಿ. ಪಿ.ಬಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ ಟೈಲ್ಸಿನಲ್ಲಿ ಬಹುಪಾಲು ಬರುವುದು ಗುಜರಾತಿನ ಮೋರ್ಬಿಯಿಂದ. ಲಾಟ್ ಬದಲಾದರೆ ಬಣ್ಣವೂ ಚೂರು ಬದಲಾಗುತ್ತದೆ. ಹಾಗಾಗಿ ಒಂದೇ ಸಲ, ಒಂದೇ ಲಾಟ್ ನಂಬರಿನ ಬಾಕ್ಸ್ ತೆಗೆದುಕೊಳ್ಳಿ. ಹಳೇ ಬಿಳಿಗೆ ಹೊಂದುವ ಬಿಳಿ ಹುಡುಕುತ್ತಾ ಅಂಗಡಿ ಅಂಗಡಿ ಅಲೆಯಬೇಡಿ, ಸಿಗುವುದಿಲ್ಲ. 30 ವರ್ಷದ ಬಿಳಿ ಈಗ ಕೆನೆ ಬಣ್ಣಕ್ಕೆ ತಿರುಗಿರುತ್ತದೆ. ಬೂದು, ತಿಳಿ ನೀಲಿ, ಇಟ್ಟಿಗೆ ಬಣ್ಣ, ಹೀಗೆ ಬೇಕಂತಲೇ ಬೇರೆ ಬಣ್ಣ ಹಾಕಿ. ಆಗ ಶವರ್ ಮೂಲೆ ಬೇರೆಯಾಗಿಯೇ ಮಾಡಿಸಿದ ಹಾಗೆ ಕಾಣುತ್ತದೆ, ತೇಪೆ ಅನ್ನಿಸುವುದಿಲ್ಲ.

ನೆಲಕ್ಕೆ ಜಾರದ ಟೈಲ್ಸೇ ಬೇಕು, 1 ಅಡಿಗಿಂತ ದೊಡ್ಡದು ಬೇಡ. ದೊಡ್ಡ ಟೈಲ್ಸಿನಲ್ಲಿ ಟ್ರ್ಯಾಪ್ ಕಡೆಗೆ ಇಳಿಜಾರು ಕೊಡುವುದು ಕಷ್ಟ.

ಮೇಸ್ತ್ರಿ ಜೊತೆ ಕೂಲಿ ಮಾತಾಡುವಾಗ ಒಡೆಯುವ ಕೆಲಸವನ್ನು ಚದರಡಿ ಲೆಕ್ಕಕ್ಕೆ ಕೊಡಬೇಡಿ, ದಿನಗೂಲಿಗೆ ಕೊಡಿ. ಚದರಡಿ ಲೆಕ್ಕ ಅಂದರೆ ಬೇಗ ಮುಗಿಸುವವನಿಗೆ ಲಾಭ. ಇಲ್ಲಿ ನಮಗೆ ಬೇಕಾದವನು ನಿಧಾನಿಸುವವನು.

ಒಡೆಯುವ ಹಿಂದಿನ ದಿನ

ಆಚೆ ಕೋಣೆಯ ಆ ಗೋಡೆಯಿಂದ ದೇವರ ಫೋಟೋ, ಗಡಿಯಾರ, ಕನ್ನಡಿ ಎಲ್ಲ ಇಳಿಸಿ. ಗೀಸರ್ ಎಂಸಿಬಿ ಆಫ್ ಮಾಡಿ. ಗೀಸರ್ ವೈರ್ ಗೋಡೆಯೊಳಗೆ ಎಲ್ಲಿ ಹೋಗಿದೆ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ ಗುರುತು ಮಾಡಿಸಿ. ಇದೇ ಹೊತ್ತಿನಲ್ಲಿ ಅರ್ಥಿಂಗ್ ಸರಿ ಇದೆಯಾ ನೋಡಿಸಿ. ಕರೆಂಟ್ ಸೋರಿದ ಕೂಡಲೇ ಸಪ್ಲೈ ಕಡಿಯುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಒದ್ದೆ ಮೈಯಲ್ಲಿ ನಿಲ್ಲುವ ಜಾಗ ಅದು, ಇದರಲ್ಲಿ ಉಳಿತಾಯ ನೋಡಬಾರದು.

ನಹಾನಿ ಟ್ರ್ಯಾಪ್ ಬಾಯಿಗೆ ಹಳೇ ಬಟ್ಟೆ ತುರುಕಿ, ಮೇಲೆ ಟೇಪ್ ಹೊಡೆಯಿರಿ. ಒಂದು ಹಿಡಿ ಸಿಮೆಂಟ್ ಚೂರು ಒಳಗೆ ಹೋದರೂ ಲೈನ್ ಕಟ್ಟುತ್ತದೆ. ಕಮೋಡಿಗೆ ಗೋಣಿಚೀಲ ಹೊದಿಸಿ. ಉಳಿಯುವ ಗೋಡೆಯ ಮೇಲೆ, ಗೆರೆ ಪಕ್ಕದ ಎರಡು ಸಾಲು ಟೈಲ್ಸಿಗೆ ರಟ್ಟು ಅಂಟಿಸಿ.

ಒಡೆಯುವುದು: ಇಲ್ಲಿ ಅವಸರ ಬೇಡ

ಮೊದಲ ಕೆಲಸ, ಗೆರೆಯ ಸಂದಿಯಲ್ಲಿರುವ ಹಳೇ ಸಿಮೆಂಟನ್ನು ಪೂರ್ತಿ ತೆಗೆಯುವುದು. 4 ಇಂಚಿನ ಕಟಿಂಗ್ ಮಷೀನಿಗೆ ತೆಳು ಡೈಮಂಡ್ ಬ್ಲೇಡ್ ಹಾಕಿ, ಟೈಲ್ಸಿನ ದಪ್ಪದಷ್ಟು ಮಾತ್ರ, ಅಂದರೆ 5ರಿಂದ 6 ಮಿ.ಮೀ. ಆಳಕ್ಕೆ ಇಳಿಸಬೇಕು. ಅದಕ್ಕಿಂತ ಒಳಗೆ ಹೋದರೆ ಪೈಪೋ ವೈರೋ ಸಿಗಬಹುದು. ಹಳೇ ಟೈಲ್ಸಿನ ಸಂದಿ ತೀರಾ ಕಿರಿದು. ಮಷೀನ್ ಒಂಚೂರು ಅಲುಗಿದರೂ ಉಳಿಯಬೇಕಾದ ಟೈಲ್ಸಿನ ಅಂಚು ಹಾರಿಹೋಗುತ್ತದೆ. ಅದಕ್ಕೇ ಬ್ಲೇಡನ್ನು ಒಡೆದುಹೋಗುವ ಟೈಲ್ಸಿನ ಕಡೆಗೆ ಒಂದು ಕೂದಲೆಳೆ ಸರಿಸಿ ಹಿಡಿಯಲು ಹೇಳಿ. ತಿನ್ನುವುದಿದ್ದರೆ ಅದು ಹೇಗೂ ಹೋಗುವ ಟೈಲ್ಸನ್ನೇ ತಿನ್ನಲಿ.

ಬ್ಲೇಡ್ ದುಂಡಗಿರುವುದರಿಂದ ನೆಲದ ಹತ್ತಿರ, ಮೂಲೆ ಹತ್ತಿರ ಕೊನೆಯ ಎರಡು ಇಂಚು ತಲುಪುವುದಿಲ್ಲ. ಅಲ್ಲಿ ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು, ಕೈಯಲ್ಲೇ ಹಿಂದೆ ಮುಂದೆ ಎಳೆದು ಸಂದಿ ಬಿಡಿಸಬೇಕು. ಬೆವರು ಇಳಿಯುವ ಕೆಲಸ, ನಿಜ. ಆದರೆ ಇಷ್ಟು ಮಾಡದೆ ಬಿಟ್ಟರೆ ಚಾಣದ ಮೊದಲ ಏಟಿನ ಅದುರು ಆ ಎರಡು ಇಂಚಿನ ಮೂಲಕ ಉಳಿದ ಗೋಡೆಗೆ ದಾಟಿ, ಕೆಳಗಿನ ಟೈಲ್ಸ್ ಸೀಳುತ್ತದೆ. ಧೂಳನ್ನು ಹಗುರವಾಗಿ ನೋಡಬೇಡಿ, ಸಿಮೆಂಟು ಮತ್ತು ಟೈಲ್ಸಿನ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಎನ್95 ಮಾಸ್ಕ್, ಕನ್ನಡಕ ನೀವೇ ತಂದುಕೊಡಿ. ಕೆಲಸದವರು ಟವೆಲ್ ಕಟ್ಟಿಕೊಂಡರೆ ಸಾಕು ಅನ್ನುತ್ತಾರೆ, ಸಾಲದು.

ಗೆರೆ ಬಿಡಿಸಿದ ಮೇಲೂ ಗೆರೆಯಿಂದ ಒಡೆಯಲು ಶುರು ಮಾಡಬಾರದು. ಶವರ್ ಜಾಗದ ನಟ್ಟನಡುವೆ ಒಂದು ಟೈಲ್ಸ್ ಆರಿಸಿ, ಅದನ್ನು ಪುಡಿ ಮಾಡಿ ತೆಗೆಯಿರಿ. ಆ ಗುಂಡಿಯಿಂದ ಚಪ್ಪಟೆ ಚಾಣವನ್ನು ಪಕ್ಕದ ಟೈಲ್ಸಿನ ಹಿಂದೆ ಓರೆಯಾಗಿ ತೂರಿಸಿ, ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಎಬ್ಬಿಸಬೇಕು. ಹೀಗೆ ಸುತ್ತಲೂ ಹರಡುತ್ತಾ ಹೋಗಿ ಗೆರೆ ಪಕ್ಕದ ಸಾಲನ್ನು ಕಟ್ಟಕಡೆಗೆ ತೆಗೆಯುವುದು. ಆ ಸಾಲಿಗೆ ಬಂದಾಗ ಚಾಣದ ಬಾಯಿ ಯಾವಾಗಲೂ ಗೆರೆಗೆ ಬೆನ್ನು ಮಾಡಿ, ಒಳಮುಖವಾಗಿಯೇ ಇರಬೇಕು. ಗೆರೆಯ ಕಡೆಗೆ ಒಂದು ಏಟೂ ಬೀಳಬಾರದು. ಬ್ರೇಕರ್ ಮಷೀನ್ ಗೋಡೆಗೆ ಬೇಡವೇ ಬೇಡ. ನೆಲಕ್ಕೆ ಬೇಕಾದರೆ ಬಳಸಲಿ.

ಪೂರ್ತಿಯಾಗಿ ಎದ್ದುಬಂದ ಹಳೇ ಟೈಲ್ಸ್ ಇದ್ದರೆ ಎಸೆಯಬೇಡಿ. ಹಿಂದಿನ ಸಿಮೆಂಟ್ ಕೆರೆದು, ಒಂದು ರಾತ್ರಿ ನೀರಿನಲ್ಲಿ ನೆನೆಸಿ ತೊಳೆದಿಡಿ. ಪೆನ್ಸಿಲ್ ಗೀಟು ಬಿದ್ದ ಪೊಳ್ಳು ಟೈಲ್ಸ್ ತೆಗೆಯುವಾಗ ಒಡೆದರೆ ಅಲ್ಲಿಗೆ ಇವೇ ಕೂರುತ್ತವೆ. ಆ ಸೈಜು ಇನ್ನು ಅಂಗಡಿಯಲ್ಲಿ ಸಿಗುವುದಿಲ್ಲ. ಒಡೆದ ರಾಶಿಯನ್ನು ಚೀಲಕ್ಕೆ ತುಂಬಿ, ಯಾರಾದರೂ ಸೈಟು ತುಂಬಿಸಲು ಕೇಳಿದರೆ ಕೊಡಿ, ಚರಂಡಿ ಪಕ್ಕ ಸುರಿಯಬೇಡಿ.

ಪೈಪು

ಗೋಡೆ ತೆರೆದ ಮೇಲೆ ಹಳೇ ಜಿಐ ಪೈಪ್, ಅಂದರೆ ಸತು ಲೇಪದ ಕಬ್ಬಿಣದ ಪೈಪ್ ಕಂಡರೆ ಇಡೀ ಶವರ್ ಲೈನ್ ಬದಲಾಯಿಸಿ, ಹೊರಗೆ ಚೆನ್ನಾಗಿ ಕಂಡರೂ ಸರಿ. ಅದು ಒಳಗಿಂದ ತುಕ್ಕು ಹಿಡಿದು, ಗಡಸು ನೀರಿನ ಉಪ್ಪು ಕಟ್ಟಿ, ಬೆರಳು ಹೋಗುವ ಜಾಗದಲ್ಲಿ ಪೆನ್ಸಿಲ್ ಹೋಗುವಷ್ಟಾಗಿರುತ್ತದೆ. ಬಿಸಿನೀರಿಗೆ ಸಿಪಿವಿಸಿ, ಅಂದರೆ ಬಿಸಿ ತಡೆಯುವ ಪ್ಲಾಸ್ಟಿಕ್ ಪೈಪ್ ಹಾಕಿಸಿ. ಸಿಪಿವಿಸಿ ಹಳೇ ಜಿಐ ಪೈಪಿಗೆ ಸೇರುವ ಕಡೆ ಹಿತ್ತಾಳೆ ಥ್ರೆಡ್ ಇರುವ ಜೋಡಣೆಯೇ ಬೇಕು.

ಶವರ್ ಹೆಡ್ ಕೊಳ್ಳುವಾಗ ಟ್ಯಾಂಕ್ ಎತ್ತರ ನೆನಪಿರಲಿ. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಒಂದಂತಸ್ತಿನ ಮನೆಯಲ್ಲಿ ಶವರಿಗಿಂತ ಟ್ಯಾಂಕ್ 2-3 ಮೀಟರ್ ಮಾತ್ರ ಮೇಲಿರುತ್ತದೆ, ಅಂದರೆ ಕಾಲು ಬಾರ್ ಆಸುಪಾಸು. ಅಷ್ಟಕ್ಕೆ ಅಗಲವಾದ ಮಳೆ ಶವರ್ ಹಾಕಿದರೆ ನೀರು ತೊಟ್ಟಿಕ್ಕುತ್ತದೆ. ಕಮ್ಮಿ ಒತ್ತಡಕ್ಕೆ ಆಗುವುದನ್ನೇ ಕೇಳಿ ತನ್ನಿ.

ಪೈಪ್ ಹಾಕಿ ಒಂದು ದಿನ ಬಿಟ್ಟು, ಪ್ಲಂಬರ್ ಹತ್ತಿರ ಕೈಪಂಪಿನಲ್ಲಿ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿ. ಮುಚ್ಚುವ ಮೊದಲು ಟೇಪ್ ಅಳತೆ ಹಿಡಿದು ಎರಡೂ ಗೋಡೆಯ ಫೋಟೋ ತೆಗೆದಿಡಿ. ಮುಂದೆ ಮೊಳೆ ಹೊಡೆಯುವಾಗ, ಹಿರಿಯರಿಗೆ ಹಿಡಿಕೆ ಹಾಕಿಸುವಾಗ ಆ ಫೋಟೋ ಬೇಕಾಗುತ್ತದೆ.

ಪ್ಲಾಸ್ಟರ್ ಮಟ್ಟ

ಹಳೇ ಟೈಲ್ಸ್ ತೆಳು, 5-6 ಮಿ.ಮೀ. ಹೊಸ ವಿಟ್ರಿಫೈಡ್ ಟೈಲ್ಸ್ ಸುಮಾರು 9 ಮಿ.ಮೀ. ಅದರ ಹಿಂದೆ 3 ಮಿ.ಮೀ. ಅಂಟು. ಹಾಗಾದರೆ ಹೊಸ ಪ್ಲಾಸ್ಟರಿನ ಮುಖ, ಉಳಿದ ಹಳೇ ಟೈಲ್ಸಿನ ಮುಖಕ್ಕಿಂತ 12 ಮಿ.ಮೀ. ಒಳಗೆ ಇರಬೇಕು. ಇದನ್ನು ಕಣ್ಣಂದಾಜಿಗೆ ಬಿಟ್ಟರೆ ಹೊಸ ಟೈಲ್ಸ್ ಮುಂದೆ ಚಾಚುತ್ತದೆ. ಹಳೇ ಟೈಲ್ಸ್ ಮೇಲೆ ಅಲ್ಯುಮಿನಿಯಂ ಪಟ್ಟಿ ಅಡ್ಡ ಹಿಡಿದು, ಪಟ್ಟಿಯಿಂದ ಪ್ಲಾಸ್ಟರಿಗೆ ಸ್ಕೇಲ್ ಇಟ್ಟು ಮೂರ್ನಾಲ್ಕು ಕಡೆ ನೀವೇ ಅಳೆದು ನೋಡಿ. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ 1:4 ಮಿಶ್ರಣ, ಪ್ಲಾಸ್ಟರಿಗೆ ಅಂತಲೇ ಬರುವ ಎಂ ಸ್ಯಾಂಡ್. ನಮ್ಮ ಕಡೆ ಬೇಸಿಗೆಯಲ್ಲಿ ಸಿಮೆಂಟ್ ಬೇಗ ಒಣಗಿ ಬಿರಿಯುತ್ತದೆ, ಆದ್ದರಿಂದ ದಿನಕ್ಕೆ ಎರಡು ಮೂರು ಸಲದಂತೆ ಒಂದು ವಾರ ನೀರುಣಿಸಿ.

ನೆಲದ ಇಳಿಜಾರು ಇದೇ ಹಂತದಲ್ಲಿ ಆಗಬೇಕು. ಅಡಿಗೆ ಕಾಲು ಇಂಚಿನಂತೆ ಟ್ರ್ಯಾಪ್ ಕಡೆಗೆ. ಟ್ರ್ಯಾಪ್ ಹಳೆಯದಾದರೆ ಈಗಲೇ ಬದಲಾಯಿಸಿ. ಅದರಲ್ಲಿ 50 ಮಿ.ಮೀ. ನೀರು ನಿಲ್ಲುವಂತಿರಲಿ, ಚರಂಡಿ ವಾಸನೆ ಮೇಲೆ ಬಾರದಂತೆ ತಡೆಯುವುದು ಆ ನೀರೇ.

ಉಳಿದ ನೆಲವನ್ನು ಒಡೆಯದೆ ಬಿಡುವುದರಿಂದ ಗೆರೆ ಇರುವಲ್ಲಿ ಒಂದು ಕಟ್ಟೆ ಬೇಕೇ ಬೇಕು. ಇಲ್ಲದಿದ್ದರೆ ಹೊಸ ವಾಟರ್‌ಪ್ರೂಫಿಂಗ್ ಗೆರೆಯಲ್ಲಿ ನಿಂತುಬಿಡುತ್ತದೆ, ನೀರು ಹಳೇ ನೆಲದ ಕೆಳಗೆ ನುಗ್ಗುತ್ತದೆ. 2 ಇಂಚು ಎತ್ತರ ಸಾಕು. ಮೇಲೆ ಗ್ರಾನೈಟ್ ಪಟ್ಟಿ ಕೂರಿಸಿ, ಒಳಗಡೆಗೆ ಚೂರು ವಾಲಿರಲಿ. ಗ್ರಾನೈಟ್ ಅಂಗಡಿಯಲ್ಲಿ ಕಟಿಂಗ್ ಆಗಿ ಉಳಿದ ತುಂಡು ಕೇಳಿದರೆ ಕಡಿಮೆಗೆ ಕೊಡುತ್ತಾರೆ. ಮನೆಯಲ್ಲಿ ವಯಸ್ಸಾದವರಿದ್ದರೆ ನೆಲಕ್ಕಿಂತ ಬೇರೆ ಬಣ್ಣದ್ದೇ ತನ್ನಿ, ಎಡವದಂತೆ ಕಣ್ಣಿಗೆ ಕಾಣಬೇಕು.

ವಾಟರ್‌ಪ್ರೂಫಿಂಗ್

ಟೈಲ್ಸ್ ಇದ್ದರೆ ನೀರು ಒಳಗೆ ಹೋಗುವುದಿಲ್ಲ ಅಂತ ಎಷ್ಟೋ ಜನ ನಂಬಿದ್ದಾರೆ. ನೀರು ಸಂದಿಯಲ್ಲಿ ಹೋಗೇ ಹೋಗುತ್ತದೆ. ಅದನ್ನು ತಡೆಯುವುದು ಹಿಂದಿನ ಲೇಪ. ಪುಡಿ ಮತ್ತು ದ್ರವ ಎರಡನ್ನೂ ಕಲಸಿ ಹಚ್ಚುವ ಸಿಮೆಂಟ್ ಪಾಲಿಮರ್ ಲೇಪ ತನ್ನಿ. ಗೋಡೆ ಗೋಡೆ ಸೇರುವಲ್ಲಿ, ಗೋಡೆ ನೆಲ ಸೇರುವಲ್ಲಿ, ಟ್ರ್ಯಾಪಿನ ಸುತ್ತ, ಮೊದಲ ಕೋಟ್ ಹಸಿ ಇರುವಾಗಲೇ ಫೈಬರ್ ಜಾಲರಿ ಪಟ್ಟಿ ಅಂಟಿಸಿ. ಎರಡನೇ ಕೋಟನ್ನು ಮೊದಲನೆಯದಕ್ಕೆ ಅಡ್ಡಡ್ಡ ಹೊಡೆಯಬೇಕು. ಶವರ್ ಹೆಡ್ ಎತ್ತರದವರೆಗೂ ಹೋಗಬೇಕು, ಕಟ್ಟೆಯ ಮೇಲೂ ಹತ್ತಬೇಕು. ಗೆರೆಯಲ್ಲಿ ಹಳೇ ಟೈಲ್ಸಿನ ಪಕ್ಕದ ದಪ್ಪಕ್ಕೂ ಲೇಪ ತಾಗಬೇಕು. ಈ ಅಂಚನ್ನು ಕೆಲಸದವರು ಬಿಟ್ಟುಬಿಡುತ್ತಾರೆ, ಹತ್ತಿರ ನಿಂತು ಮಾಡಿಸಿ.

ಲೇಪದ ಚೀಲದ ಮೇಲೆ ಬರೆದಷ್ಟು ದಿನ ಒಣಗಲು ಬಿಡಿ. ಆಮೇಲೆ ಟ್ರ್ಯಾಪ್ ಬಾಯಿ ಮುಚ್ಚಿ ಕಟ್ಟೆಯೊಳಗೆ ಒಂದು ಇಂಚು ನೀರು ನಿಲ್ಲಿಸಿ, ಮಟ್ಟಕ್ಕೆ ಗುರುತು ಹಾಕಿ. 24 ಗಂಟೆ. ಆಚೆ ಗೋಡೆಯ ಬುಡ, ಕೆಳಗಿನ ಛಾವಣಿ ಎರಡನ್ನೂ ನೋಡಿ. "ಅದೆಲ್ಲ ಬೇಡ ಸಾರ್, ನಾನಿದ್ದೀನಲ್ಲ" ಅಂದರೂ ಈ ಪರೀಕ್ಷೆ ಬಿಡಬೇಡಿ. ಈಗ ಸೋರಿದರೆ ಇನ್ನೊಂದು ಕೋಟ್‌ನಲ್ಲಿ ಮುಗಿಯುತ್ತದೆ.

ಟೈಲ್ಸ್ ಕೂರಿಸುವುದು

ಅಂಟಿನ ಚೀಲದ ಮೇಲೆ ಟೈಲ್ಸ್ ಅಂಟಿನ ಭಾರತೀಯ ಮಾನಕವಾದ ಐಎಸ್ 15477, ಟೈಪ್ 2 ಅಥವಾ ಅದಕ್ಕೂ ಮೇಲಿನದು ಅಂತ ಇರಲಿ. 20 ಕೆ.ಜಿ.ಯ ಚೀಲ ಸುಮಾರು 45-50 ಚದರಡಿಗೆ ಬರುತ್ತದೆ, ನಮ್ಮ ಲೆಕ್ಕಕ್ಕೆ ಎರಡು ಚೀಲ. ಇಲ್ಲಿ ಮೇಸ್ತ್ರಿಗಳ ಮೂರು ಹಳೇ ಅಭ್ಯಾಸಕ್ಕೆ ಅಡ್ಡ ನಿಲ್ಲಬೇಕಾಗುತ್ತದೆ. ಟೈಲ್ಸನ್ನು ಡ್ರಮ್ಮಿನಲ್ಲಿ ನೆನೆಸುವುದು ಬರೀ ಸಿಮೆಂಟಿನಲ್ಲಿ ಕೂರಿಸುವ ಸೆರಾಮಿಕ್ ಟೈಲ್ಸಿಗೆ ಸರಿ, ಅಂಟಿಗೆ ಅಲ್ಲ. ಅಂಟಿಗೆ ಸಿಮೆಂಟ್ ಬೆರೆಸಿ ಜಾಸ್ತಿ ಮಾಡುವುದೂ ತಪ್ಪು. ಟೈಲ್ಸ್ ಹಿಂದೆ ಐದು ಗುಡ್ಡೆ ಇಟ್ಟು ಒತ್ತುವುದಂತೂ ಶವರಿನಲ್ಲಿ ಆಗಲೇಬಾರದು. ಗುಡ್ಡೆಗಳ ನಡುವೆ ಉಳಿದ ಪೊಳ್ಳಿನಲ್ಲಿ ನೀರು ನಿಲ್ಲುತ್ತದೆ. ಹಲ್ಲಿನ ಕರಣೆಯಲ್ಲಿ ಪೂರ್ತಿ ಎಳೆದು, ಟೈಲ್ಸ್ ಹಿಂದೂ ತೆಳುವಾಗಿ ಸವರಿ ಕೂರಿಸಬೇಕು. ಮೊದಲ ಟೈಲ್ಸ್ ಕೂರಿಸಿದ ಕೂಡಲೇ ಕಿತ್ತು ತೋರಿಸಲು ಹೇಳಿ. ಹಿಂಭಾಗ ಪೂರ್ತಿ ಅಂಟು ಹತ್ತಿರಬೇಕು.

ಪೂರ್ತಿ ಟೈಲ್ಸ್ ಗೆರೆಯ ಕಡೆಯಿಂದ ಶುರುವಾಗಲಿ, ಕತ್ತರಿಸಿದ ತುಂಡು ಮೂಲೆಗೆ ಹೋಗಲಿ. ಗೋಡೆಯ ಕೆಳಗಿನ ಸಾಲು ಬಿಟ್ಟು ಎರಡನೇ ಸಾಲಿನಿಂದ ಕಟ್ಟಿ, ನೆಲ ಮುಗಿಸಿ, ಆಮೇಲೆ ಕೆಳಸಾಲು ಇಳಿಸಿದರೆ ಹೆಂಚು ಹೊದಿಸಿದ ಹಾಗೆ ಗೋಡೆಯ ಟೈಲ್ಸ್ ನೆಲದ ಟೈಲ್ಸಿನ ಮೇಲೆ ಬರುತ್ತದೆ. ಟೈಲ್ಸ್ ನಡುವೆ ಸಮನಾಗಿ ಸಂದಿ ಬಿಡಿಸುವ 2 ಮಿ.ಮೀ. ಸ್ಪೇಸರ್ ಹಾಕಿಸಿ.

ಗೆರೆ ಮುಚ್ಚುವುದು

ಒಂದು ದಿನ ಬಿಟ್ಟು ಸಂದಿಗಳಿಗೆ ಎಪಾಕ್ಸಿ, ಅಂದರೆ ಕಲಸಿದ ಮೇಲೆ ಗಟ್ಟಿಯಾಗುವ ರಾಳದ ಫಿಲ್ಲಿಂಗ್ ತುಂಬಿಸಿ. ದುಬಾರಿ, ಆದರೆ ನಮ್ಮ ಬೋರ್ ನೀರಿಗೆ ಸಿಮೆಂಟ್ ಫಿಲ್ಲಿಂಗ್ ಬೇಗ ಕಲೆ ಹಿಡಿದು ಉದುರುತ್ತದೆ. ಎಪಾಕ್ಸಿ ಕಲಸಿದ ಮೇಲೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಗಟ್ಟಿಯಾಗುವುದರಿಂದ ಸ್ವಲ್ಪ ಸ್ವಲ್ಪವೇ ಕಲಸಬೇಕು, ಟೈಲ್ಸ್ ಮುಖ ಆಗಿಂದಾಗಲೇ ಒರೆಸಬೇಕು.

ಗೋಡೆಗಳ ಮೂಲೆ, ಗೋಡೆ ನೆಲ ಸೇರುವ ಕಡೆ, ಮತ್ತೆ ಹಳೇದು ಹೊಸದು ಸೇರುವ ಗೆರೆ, ಇಷ್ಟು ಕಡೆ ಎಪಾಕ್ಸಿ ಬೇಡ. ಎರಡು ಬೇರೆ ಮೈಗಳು ಬಿಸಿಗೆ ತಂಪಿಗೆ ಬೇರೆ ಬೇರೆಯಾಗಿ ಹಿಗ್ಗುತ್ತವೆ, ಗಟ್ಟಿ ಪದಾರ್ಥ ಅಲ್ಲಿ ಬಿರಿಯುತ್ತದೆ. ಬೂಸ್ಟು ಹಿಡಿಯದ ಸ್ಯಾನಿಟರಿ ಸಿಲಿಕೋನ್ ಹಾಕಿಸಿ. ಜಾಗ ಒಣಗಿರಬೇಕು. ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಸಿಲಿಕೋನ್ ತುಂಬಿ, ಸೋಪಿನ ನೀರು ಮುಟ್ಟಿದ ಬೆರಳಲ್ಲಿ ಒಂದೇ ಎಳೆತಕ್ಕೆ ಸವರಿ, ಹಸಿ ಇರುವಾಗಲೇ ಟೇಪ್ ಕೀಳಬೇಕು. ಗೆರೆಯ ಅಂಚಿನಲ್ಲಿ ಹಳೇ ಟೈಲ್ಸ್ ಅಲ್ಲಲ್ಲಿ ಚಕ್ಕೆ ಎದ್ದಿದ್ದರೆ ಹೊಸ ಟೈಲ್ಸ್ ಕೂರಿಸುವಾಗಲೇ ಸ್ಟೀಲ್ ಅಥವಾ ಅಲ್ಯುಮಿನಿಯಂ ಅಂಚುಪಟ್ಟಿ ಕೊಡಿಸಿ, ಮುಚ್ಚಿಹೋಗುತ್ತದೆ. ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯ ಬಿಲ್ಲೆ ಕೂರಿಸುವ ಮೊದಲು ಪೈಪಿನ ಸುತ್ತಲಿನ ತೂತಿಗೂ ಸಿಲಿಕೋನ್ ತುಂಬಿಸಿ.

24 ಗಂಟೆ ಬಿಟ್ಟು ಸ್ನಾನಕ್ಕೆ ಬಳಸಬಹುದು. ಒಡೆದ ದಿನದಿಂದ ಇಲ್ಲಿಯವರೆಗೆ ಸುಮಾರು ಮೂರು ವಾರ ಹಿಡಿಯುತ್ತದೆ. ಮನೆಯಲ್ಲಿ ಇನ್ನೊಂದು ಬಾತ್‌ರೂಮ್ ಇಲ್ಲದಿದ್ದರೆ ಹಬ್ಬ, ಮದುವೆ ಹತ್ತಿರ ಈ ಕೆಲಸ ಇಟ್ಟುಕೊಳ್ಳಬೇಡಿ.

ಉಪ್ಪಿನ ಕಲೆ ತೆಗೆಯಲು ಆ್ಯಸಿಡ್ ಹಾಕಬೇಡಿ. ಹೊಸ ಮೂಲೆಗಿಂತ ಅದು ಹಾಳು ಮಾಡುವುದು ಪಕ್ಕದ ಹಳೇ ಗೋಡೆಗಳ ಸಿಮೆಂಟ್ ಸಂದಿಯನ್ನು. ಸ್ನಾನ ಆದ ಮೇಲೆ ರಬ್ಬರ್ ವೈಪರಿನಲ್ಲಿ ಗೋಡೆಯ ನೀರು ಎಳೆದುಬಿಟ್ಟರೆ ಉಪ್ಪು ಕಟ್ಟುವುದೇ ಕಮ್ಮಿ. ವರ್ಷಕ್ಕೊಮ್ಮೆ ಗೆರೆಯ ಸಿಲಿಕೋನ್ ಮೇಲೆ ಉಗುರು ಆಡಿಸಿ ನೋಡಿ. ಎಲ್ಲಾದರೂ ಎದ್ದಿದ್ದರೆ ಅಷ್ಟನ್ನು ಬ್ಲೇಡಿನಲ್ಲಿ ಕೆರೆದು ಹೊಸದಾಗಿ ಹಾಕಿಸಿ. ಉಳಿದ ಹೊಸ ಟೈಲ್ಸ್ ಮತ್ತು ತೊಳೆದಿಟ್ಟ ಹಳೇ ಟೈಲ್ಸ್ ಎರಡನ್ನೂ ಅಟ್ಟದ ಮೇಲೆ ಒಂದೇ ಕಡೆ ಇಟ್ಟು, ಬಾಕ್ಸಿನ ಮೇಲೆ ಲಾಟ್ ನಂಬರ್ ಬರೆದಿಡಿ.